ಗಿಡಕ್ಕೆ ಉಡಿಸಿದ ಸೀರೆ

ಮರ ಕಡಿಯಲು ಹಗ್ಗ, ಕೊಡಲಿ, ಗರಗಸ, ಒಂದಿಷ್ಟು ಧೈರ್ಯ ಇದ್ದರೆ ಸಾಕು ಎಂದು ಬಾಳೇಶ ತಿಳಿದಿದ್ದ. ಅದಕ್ಕೆ ಒಂದು ಹಳೆಯ ಸೀರೆಯೂ ಬೇಕು ಎಂದು ಸತ್ಯಪ್ಪ ಹೇಳದೆ ಹೋಗಿದ್ದರೆ ಅವನಿಗೆ ಇಷ್ಟು ಗೋಳು ಬರುತ್ತಿರಲಿಲ್ಲ.

"ಹಗ್ಗ ತೊಗಟಿಗೆ ತಿಕ್ಕಿ ಸವೀತೈತಿ ತಮ್ಮಾ. ನಡುವ ಅರಿವಿ ಸುತ್ತಬೇಕ. ಮನ್ಯಾಗಿಂದ ಹಳೇ ಸೀರಿ ಒಂದ ತಗೊಂಡ ಬಾ" ಎಂದಿದ್ದ ಸತ್ಯಪ್ಪ. ಬೈಲಹೊಂಗಲದ ಸುತ್ತ ಯಾರ ಮನೆಯ ಮೇಲೆ ಮರ ವಾಲಿದರೂ ಅವನಿಗೇ ಕರೆ ಹೋಗುತ್ತಿತ್ತು. ಮೂವತ್ತು ವರ್ಷ ಮರ ಏರಿ ಈಗ ಮೊಣಕಾಲು ನೋವು ಬಂದು, ಏರಲು ಇನ್ನೊಬ್ಬನನ್ನು ಹುಡುಕುತ್ತಿದ್ದ.

ಆ ಇನ್ನೊಬ್ಬ ಬಾಳೇಶನಾಗಬೇಕಾಗಿ ಬಂದದ್ದು ಹಣೆಬರಹ. ಹದಿನೆಂಟು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ಅವನು. ಎಷ್ಟೋ ಮದುಮಕ್ಕಳ ಸೀರೆಯ ನಿರಿಗೆಯನ್ನು ತಾನೇ ಸರಿಮಾಡಿ ನಿಲ್ಲಿಸಿದ್ದ. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋಕ್ಕೆ ನೊಣ ಕೂಡ ಬರುವುದು ಬಿಟ್ಟಿತು. ಹೆಂಡತಿ ಭಾಗೀರಥಿಯ ಅಣ್ಣ ಮಹಾದೇವ ರಾಮದುರ್ಗದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. "ಅಣ್ಣನ ಗಿರಣ್ಯಾಗ ಹೋಗಿ ಕುಂಡ್ರಿ" ಎಂದು ಆಕೆ ದಿನಕ್ಕೆ ಮೂರು ಹೊತ್ತು ಹೇಳುತ್ತಿದ್ದಳು. ಬಾಳೇಶ ಒಮ್ಮೆ ಹೋಗಿ ಎಂಟು ದಿನ ಕುಳಿತೂ ಬಂದಿದ್ದ. ಆ ಎಂಟು ದಿನವೂ ಮಹಾದೇವ ಜೋಳ ಬೀಸಿಕೊಳ್ಳಲು ಬಂದವರಿಗೆಲ್ಲ, "ನಮ್ಮ ತಂಗಿ ಗಂಡ. ಮೊದಲ ಫೋಟೋ ತಗೀತಿದ್ದ, ಈಗ ಜರಡಿ ಹಿಡಿಯೂದ ಕಲ್ಯಾಕ ಹತ್ಯಾನ" ಎಂದು ಪರಿಚಯ ಮಾಡಿಕೊಟ್ಟಿದ್ದ. ಮೀಸೆಗೆ ಹತ್ತಿದ ಹಿಟ್ಟು ತೊಳೆದರೆ ಹೋಯಿತು, ಆ ಮಾತು ಹೋಗಲಿಲ್ಲ. ಬೇಕಾದರೆ ಮರದಿಂದ ಬಿದ್ದೇನು, ಮತ್ತೆ ಆ ಗಿರಣಿ ಮೆಟ್ಟಿಲು ಹತ್ತಲಾರೆ ಎಂದು ಅವನು ಶಪಥ ಮಾಡಿದ್ದ.

"ಒಂದ ದಿವಸ ನೋಡೂಣು" ಎಂದಿದ್ದಳು ಭಾಗೀರಥಿ. "ಸಂಜಿಗೆ ಸತ್ಯಪ್ಪಣ್ಣ ನಿಮಗ ಹೂಂ ಅಂದ್ರ ನಾ ಬಾಯಿ ಬಿಡೂದಿಲ್ಲ. ಇಲ್ಲಂದ್ರ ನಾಳೆ ರಾಮದುರ್ಗ."

ಮಂಗಳವಾರ ಮುಂಜಾನೆ ಆಕೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ, "ಹಳೇ ಸೀರಿ ಟ್ರಂಕಿನ್ಯಾಗ ಐತಿ, ತಗೋರಿ" ಎಂದು ಕೂಗಿದಳು. ಬಾಳೇಶ ಟ್ರಂಕಿನ ತಳಕ್ಕೆ ಕೈ ಹಾಕಿದ. ಹರಕು ಧೋತರದಲ್ಲಿ ಸುತ್ತಿದ್ದ ಗಂಟೊಂದು ಸಿಕ್ಕಿತು. ಹರಕು ಧೋತರದೊಳಗೆ ಇರುವುದು ಇನ್ನೂ ಹರಕೇ ಇರಬೇಕೆಂದು ಲೆಕ್ಕ ಹಾಕಿ, ಬಿಚ್ಚಿಯೂ ನೋಡದೆ ಕಂಕುಳಲ್ಲಿ ಇಟ್ಟುಕೊಂಡು ಓಡಿದ.

ಕಡಿಯಬೇಕಾದದ್ದು ನಿಜಗುಣಪ್ಪನ ಮನೆಯ ಮುಂದಿನ ಗುಲ್‌ಮೊಹರ್ ಮರ. ನಿಜಗುಣಪ್ಪ ಹೊಸ ಕಾರು ತಂದಿದ್ದ. ಅದು ಗೇಟಿನೊಳಗೆ ತಿರುಗಲು ಮರ ಅಡ್ಡ ಬರುತ್ತಿತ್ತು. ನಾಲ್ಕು ತಿಂಗಳು ಓಡಾಡಿ ಕಡಿಯಲು ಪರವಾನಿಗೆ ತಂದು, ಕಾಗದವನ್ನು ಸತ್ಯಪ್ಪನ ಕೈಗಿಟ್ಟು ಅದೇ ಕಾರಿನಲ್ಲಿ ಸವದತ್ತಿಗೆ ಹೋಗಿದ್ದ. ಪಾಪ, ಆ ಮರಕ್ಕೆ ಅಲ್ಲಿಯ ತನಕ ಯಾರೂ ಒಂದು ಚೊಂಬು ನೀರು ಹಾಕಿದವರಿರಲಿಲ್ಲ.

"ಗಿಡಕ್ಕ ಕಾಲ ಇಡೂಕಿಂತ ಮೊದಲ ಕೈ ಮುಗೀಬೇಕ. ನಮ್ಮ ಹೊಟ್ಟೀಪಾಡು, ತಪ್ಪಾತು ಅಂತ ಕೇಳ್ಕೋ" ಎಂದು ಸತ್ಯಪ್ಪ ಅರಿಸಿನ, ಕುಂಕುಮ, ಊದಿನಕಡ್ಡಿ, ಒಂದು ತೆಂಗಿನಕಾಯಿ ಕೊಟ್ಟು, ತಾನು ಹಗ್ಗದ ಗಂಟು ಬಿಡಿಸುತ್ತ ಕುಳಿತ.

ಇಡೀ ಪಾಠದಲ್ಲಿ ಬಾಳೇಶನಿಗೆ ಬರುತ್ತಿದ್ದುದು ಇದೊಂದೇ. ಬುಡ ಗುಡಿಸಿದ, ನೀರು ಹೊಡೆದ, ಅರಿಸಿನ ಬಳಿದ, ನಡುವೆ ರೂಪಾಯಿಯಗಲ ಕುಂಕುಮ ಇಟ್ಟ. ಆಮೇಲೆ ಧೋತರದ ಗಂಟು ಬಿಚ್ಚಿ ಸೀರೆ ತೆಗೆದು ಕಾಂಡಕ್ಕೆ ಸುತ್ತಿದ. ಸೀರೆ ಮುಟ್ಟಿದೊಡನೆ ಹದಿನೆಂಟು ವರ್ಷದ ಚಾಳಿ ಕೈಗೆ ಬಂತು. ಮನಸ್ಸೆಲ್ಲ ಮರದ ಎತ್ತರದ ಮೇಲೆ, ಬೆರಳುಗಳು ತಮ್ಮಷ್ಟಕ್ಕೆ ತಾವೇ ಏಳು ನಿರಿಗೆ ಹಿಡಿದವು, ಸೆರಗು ಹರಡಿದವು.

ಪಕ್ಕದ ಮನೆಗೆ ಬಣ್ಣ ಬಳಿಯುವವರ ಏಣಿ ಎರವಲು ತಂದು ಬಾಳೇಶನನ್ನು ಏರಿಸಿದರು. ಸೊಂಟಕ್ಕೆ ಹಗ್ಗ, ಬಾಯಲ್ಲಿ ದೇವರ ಹೆಸರು. ಅಷ್ಟರಲ್ಲಿ ಓಣಿಯವರು ಬಂದು ನಿಂತಿದ್ದರು. ಎಲ್ಲರ ಕಣ್ಣೂ ಮೇಲೆ, ಬುಡದ ಸೀರೆಯ ಕಡೆ ಸತ್ಯಪ್ಪನೂ ನೋಡಲಿಲ್ಲ. ಒಬ್ಬ "ಎಡಗಾಲ ಇಡೋ" ಎಂದರೆ ಇನ್ನೊಬ್ಬ "ಏ, ಬಲಗಾಲ!" ಎಂದ. ನಿವೃತ್ತ ಕಂಡಕ್ಟರ್ ಉಳವಪ್ಪ, "ಮುಂದ ಹೋಗ್ರಿ, ಮುಂದ ಹೋಗ್ರಿ" ಎಂದು ಹಳೆಯ ಅಭ್ಯಾಸದಂತೆ ಕೂಗಿದರು. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗಾಗಿ ಬಾಳೇಶ ಹೇಗೋ ದೊಡ್ಡ ಕವಲು ಮುಟ್ಟಿ ಕಣ್ಣು ಮುಚ್ಚಿ ಕುಳಿತ.

ಆಗ ಸತ್ಯಪ್ಪನಿಗೆ ನೆನಪಾಯಿತು. ಗರಗಸದ ಮಷಿನಿನ ಚೈನು ಹರಿತ ಮಾಡಿಸಲು ಕಿತ್ತೂರಿನಲ್ಲಿ ಕೊಟ್ಟದ್ದು ಅಲ್ಲೇ ಉಳಿದಿತ್ತು.

"ತಮ್ಮಾ, ಹಿಂಗ ಹೋಗಿ ಹಂಗ ಬರತೇನಿ. ಹಗ್ಗದ ಗಂಟ ಮುಟ್ಟಬ್ಯಾಡ. ಕುಂತಲ್ಲೇ ಕೂಡೂದ ಮೊದಲನೇ ಪಾಠ" ಎಂದು ಗಾಡಿ ಹೊಡೆದುಕೊಂಡು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಬಣ್ಣದವರು ಬಂದು ತಮ್ಮ ಏಣಿ ಒಯ್ದರು. ಹತ್ತಿಸಿ ಏಣಿ ತೆಗೆಯುವುದು ಬರೀ ಮಾತಿಗೆ ಹೇಳುವ ಸಂಗತಿ ಎಂದು ಬಾಳೇಶ ಅಲ್ಲಿಯವರೆಗೆ ನಂಬಿದ್ದ. ಬಿಸಿಲು ಏರಿತು, ಓಣಿಯವರು ಊಟಕ್ಕೆ ಹೋದರು.

ಸಂತೆಯಿಂದ ಬರುತ್ತಿದ್ದ ಅದೇ ಓಣಿಯ ರಾಮವ್ವ ಮರದ ಮುಂದೆ ಗಕ್ಕನೆ ನಿಂತಳು. ಕೈಚೀಲ ಕೆಳಗಿಟ್ಟು, "ಯವ್ವಾ, ನಮ್ಮ ಓಣಿಗೆ ಯಾವಾಗ ಬಂದಿ ತಾಯೀ!" ಎಂದು ಅಡ್ಡಬಿದ್ದಳು.

"ರಾಮಕ್ಕಾ! ದೇವಿ ಅಲ್ಲಬೇ ಅದು!" ಎಂದು ಬಾಳೇಶ ಎಲೆಗಳ ನಡುವಿನಿಂದ ಕೂಗಿದ. "ಹಗ್ಗ ಸವೀಬಾರ್ದಂತ ಅರಿವಿ ಸುತ್ತೀನಿ!"

ರಾಮವ್ವ ಮೇಲೆ ನೋಡಿದಳು. "ಯಾರು, ಬಾಳೇಶನೇನೋ? ಹಗ್ಗಕ್ಕ ಯಾರರೆ ನಿರಿಗಿ ಹಿಡೀತಾರೇನೋ?"

ಬಾಳೇಶ ತನ್ನ ಬೆರಳುಗಳನ್ನು ನೋಡಿಕೊಂಡ.

"ನೀ ಹಿಡದಿಲ್ಲ. ಅಕೀನ ನಿನ್ನ ಕೈಲೆ ಹಿಡಿಸ್ಕೊಂಡಾಳ. ಸುಮ್ನ ಕೂಡು, ತಾಯಿ ತಲಿಮ್ಯಾಲ ಕುಂತು ವಾದ ಮಾಡಬ್ಯಾಡ" ಎಂದು ರಾಮವ್ವ ಗದರಿ, ಎರಡು ಬಾಳೆಹಣ್ಣು ಇಟ್ಟು, ಉಳಿದ ಓಣಿಗೆ ಸುದ್ದಿ ಮುಟ್ಟಿಸಲು ಓಡಿದಳು.

ಅರ್ಧ ತಾಸಿನಲ್ಲಿ ಹೆಂಗಸರ ಸಾಲು ಹತ್ತಿತು. ಮಂಗಳವಾರ ಬೇರೆ, ದೇವಿಯ ವಾರ. ಕಾಯಿ ಒಡೆದರು, ಉಡಿ ತುಂಬಿದರು, "ಉಧೋ ಉಧೋ" ಎಂದರು. ಬಾಳೇಶ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ಯಾರೂ ಲಕ್ಷ್ಯ ಕೊಡಲಿಲ್ಲ. ಒಬ್ಬಳು ಮಾತ್ರ, "ಪೂಜಾರಪ್ಪ ಹಸದಾನೇನೋ" ಎಂದಳು. ಆದರೆ ಮೇಲೆ ಏನನ್ನಾದರೂ ಕೊಡುವ ಉಪಾಯ ಆಕೆಗೂ ತಿಳಿಯಲಿಲ್ಲ.

ಬೇಸರಕ್ಕೆ ಬಾಳೇಶ ಕೆಳಗೆ ಬಗ್ಗಿ ನೋಡಿದ. ಹರಡಿದ ಸೆರಗಿನ ಮೇಲೆ ಬಿಸಿಲು ಬಿದ್ದಿತ್ತು. ಹಸಿರು ಒಡಲು, ಕೆಂಪು ಸೆರಗು, ಸೆರಗಿಗೆ ಬಿಳಿಯ ತೆನೆಯ ನೇಯ್ಗೆ. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡ. ನೋಡಿದ್ದು ಮನೆಯ ಗೋಡೆಯ ಮೇಲೆ, ತನ್ನದೇ ಮದುವೆಯ ಫೋಟೋದಲ್ಲಿ. ಭಾಗೀರಥಿಯ ತಾಯಿ ಸಾಯುವ ಮೊದಲು ಕೊಟ್ಟ ಇಳಕಲ್ಲ ಸೀರೆ ಅದು. ವರ್ಷಕ್ಕೊಮ್ಮೆ ಬಿಸಿಲಿಗೆ ಹಿಡಿದು ಮತ್ತೆ ಸುತ್ತಿಡುತ್ತಿದ್ದ ಸೀರೆ! ಬಾಳೇಶನಿಗೆ ಮರದಿಂದ ಬಿದ್ದೇನೆಂಬ ಹೆದರಿಕೆ ಅರೆಕ್ಷಣದಲ್ಲಿ ಹೋಯಿತು. ಬಿದ್ದರೇ ಒಳ್ಳೆಯದಿತ್ತು ಎನ್ನಿಸಿತು.

ಆಗಲೇ ಮೊದಲ ಕೆಂಪಿರುವೆ ಅವನ ಕುತ್ತಿಗೆ ಕಚ್ಚಿತು. ಅವನು ಹೌಹಾರಿದ, ಟೊಂಗೆ ಅಲುಗಾಡಿ ಗುಲ್‌ಮೊಹರಿನ ಹೂವೊಂದು ಸೀರೆಯ ಬಲಭಾಗಕ್ಕೆ ಉದುರಿತು.

"ಬಲಕ್ಕ ಹೂ ಕೊಟ್ಲು! ಬಲಕ್ಕ ಕೊಟ್ಲು!" ಎಂದು ರಾಮವ್ವ ಕಿರುಚಿದಳು. "ಬೇಡ್ಕೋರಿ. ಬಲಕ್ಕ ಬಿದ್ರ ಹೂಂ, ಎಡಕ್ಕ ಬಿದ್ರ ಇಲ್ಲ."

ಆಮೇಲೆ ಕೇಳುವುದೇ ಬೇಡ. ಮಗಳಿಗೆ ವರ ಸಿಗುವನೇ ಎಂದು ಒಬ್ಬಳು, ಎಮ್ಮೆ ಗಬ್ಬವೇ ಎಂದು ಇನ್ನೊಬ್ಬಳು. ಇರುವೆ ಕಚ್ಚಿದ ಹಾಗೆಲ್ಲ ದೇವಿ ಉತ್ತರ ಕೊಟ್ಟಳು. ಮೇಲಿನಿಂದ ಬಾಳೇಶನಿಗೆ ಕಾಣುತ್ತಿದ್ದುದು ಬರೀ ಸೆರಗು ಹೊದ್ದ ತಲೆಗಳು. ಅವುಗಳಲ್ಲಿ ಒಂದು ತಲೆ ಬಹಳ ಹೊತ್ತು ಸೀರೆಯ ಮುಂದೆ ನಿಂತಿತು, ಬಾಯಿ ಬಿಡದೆ ಮನಸ್ಸಿನಲ್ಲೇ ಬೇಡಿಕೊಂಡಿತು. ಸರಿಯಾಗಿ ಅದೇ ಹೊತ್ತಿಗೆ ಇರುವೆ ಅವನ ಬೆನ್ನಿಗಿಳಿಯಿತು. ಹೂವು ಬಲಕ್ಕೆ ಬಿತ್ತು. ಆ ತಲೆ ಬಾಗಿ ಹೂವು ಎತ್ತಿಕೊಂಡು ಹೋಯಿತು.

ನಾಲ್ಕು ಗಂಟೆಗೆ ನಿಜಗುಣಪ್ಪನ ಕಾರು ಬಂತು. "ಏನಿದು ಗದ್ದಲಾ? ಗಿಡಾ ಇನ್ನೂ ನಿಂತೈತಿ! ಯಾರ ಮಾಡಿದ್ರಿದನ್ನ?" ಎಂದು ಅಬ್ಬರಿಸುತ್ತ ಇಳಿದ.

ಉಡಿ ತುಂಬುತ್ತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು. ಅವನ ತಾಯಿ ಸಿದ್ದಲಿಂಗವ್ವ.

"ಚಪ್ಪಲಿ ಬಿಟ್ಟ ಮಾತಾಡ" ಎಂದಳು ಆಕೆ.

ನಿಜಗುಣಪ್ಪ ಚಪ್ಪಲಿ ಬಿಟ್ಟ. "ಯವ್ವಾ, ಕಾರು..." ಎಂದ.

"ಹಿಂದಿನ ಓಣ್ಯಾಗ ನಿಂದ್ರಸು. ತಾಯಿ ಬಂದಾಳ, ಕಟ್ಟಿ ಕಟ್ಟಸೂಣು."

ಸತ್ಯಪ್ಪ ಚೈನು ಹಿಡಿದು ಬಂದಾಗ ಐದೂವರೆ. ದಾರಿಯಲ್ಲಿ ಗಾಡಿ ಪಂಚರ್ ಆಗಿತ್ತಂತೆ. ಅವನು ಮರವನ್ನೂ ಜನರನ್ನೂ ನೋಡಿ ಚೈನನ್ನು ಮೆಲ್ಲಗೆ ಚೀಲದೊಳಗೆ ಇಟ್ಟ. ಏಣಿ ತರಿಸಿ ಬಾಳೇಶನನ್ನು ಇಳಿಸಿಕೊಂಡ.

"ಮೂವತ್ತ ವರ್ಷ ಗಿಡಾ ಕೆಡವೀನಿ. ಗಿಡಾ ಏರಿ ಗುಡಿ ಮಾಡಿದಂವ ನೀನ ಮೊದಲನ್ಯಾಂವ" ಎಂದು ಹಣೆ ಬಡಿದುಕೊಂಡ. ಆಮೇಲೆ ಕಚ್ಚಿಸಿಕೊಂಡು ಊದಿದ ಬಾಳೇಶನ ಮುಖ ನೋಡಿ ಮೆತ್ತಗಾದ. "ಆದ್ರೂ ಆರು ತಾಸ ಕುಂತಿ, ಬಿದ್ದಿಲ್ಲ. ಇರಿವಿ ಕಡದ್ರೂ ಹಗ್ಗ ಮುಟ್ಟಿಲ್ಲ. ಪಾಸ್! ನಾಳೆ ದೊಡವಾಡದಾಗ ಎರಡ ಹುಣಸಿ ಗಿಡಾ ಅದಾವ, ಬಾ."

ಬಾಳೇಶ ಸೀರೆಯತ್ತ ಒಂದು ಕೈ ಚಾಚಿದ. ಸಿದ್ದಲಿಂಗವ್ವ ಕೋಲು ಎತ್ತಿದಳು. ಅವನು ಅದೇ ಕೈಯನ್ನು ಇನ್ನೊಂದಕ್ಕೆ ಜೋಡಿಸಿ ಮುಗಿದು ಮನೆಗೆ ನಡೆದ.

ಭಾಗೀರಥಿ ಏನೂ ಕೇಳಲಿಲ್ಲ. ಕಚ್ಚಿದಲ್ಲೆಲ್ಲ ಎಣ್ಣೆ ಹಚ್ಚಿ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಬಾಳೇಶನಿಗೆ ಧೈರ್ಯ ಬಂತು. "ಸತ್ಯಪ್ಪಣ್ಣ ಪಾಸ್ ಅಂದಾ. ಇನ್ನ ರಾಮದುರ್ಗದ ಹೆಸರ ತಗೀಬಾರ್ದು" ಎಂದ.

"ಚಲೋ ಆತು. ನಾನೂ ಮಧ್ಯಾಹ್ನ ದೇವಿ ನೋಡಾಕ ಹೋಗಿದ್ದೆ."

ರೊಟ್ಟಿ ಬಾಯಿಯ ಹತ್ತಿರ ನಿಂತಿತು.

"ನಮ್ಮ ಮನಿಯವರು ಗಿರಣಿಗೆ ಹೋಗಬೇಕಂತಿದ್ರ ಬಲಕ್ಕ ಹೂ ಕೊಡವ್ವಾ ಅಂತ ಮನಸಿನ್ಯಾಗ ಕೇಳ್ಕೊಂಡೆ" ಎನ್ನುತ್ತ ದೇವರ ಜಗಲಿಯಿಂದ ಬಾಡಿದ ಗುಲ್‌ಮೊಹರ್ ಹೂವು ತಂದು ತೋರಿಸಿದಳು. "ಕೊಟ್ಲು."

"ಅದನ್ನ ನಾನ ಕೆಡವೀನಿ! ಇರಿವಿ ಕಡದು!" ಬಾಳೇಶ ಎದ್ದೇ ನಿಂತ. "ಅದು ದೇವೀನ ಅಲ್ಲ, ಗಿಡಾ. ನಾನ ಅರಿವಿ ಸುತ್ತೀನಿ ಅದಕ್ಕ!"

"ಯಾವ ಅರಿವಿ?" ಎಂದಳು ಭಾಗೀರಥಿ ಮೆಲ್ಲಗೆ.

ಬಾಳೇಶ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಬಿಟ್ಟ.

"ಟ್ರಂಕಿನ್ಯಾಗ ನಮ್ಮವ್ವನ ಸೀರಿ ಇಲ್ಲ. ದೇವಿ ತಾನ ಬಂದ ಒಯ್ದಾಳಂದ್ರ ನಮ್ಮವ್ವನ ಪುಣ್ಯಾ, ನಾ ಏನೂ ಅನ್ನೂದಿಲ್ಲ" ಎಂದಳು ಆಕೆ. "ಆದ್ರ ಆ ನಿರಿಗಿ ನೋಡಿದೆ. ಅಷ್ಟ ಚಂದ ನಿರಿಗಿ ಹಿಡಿಯೂ ಕೈ ಈ ಊರಾಗ ನಾ ಒಂದ ನೋಡೀನಿ. ಈಗ ನೀವ ಹೇಳ್ರಿ. ಅದು ದೇವೀನೋ, ಗಿಡಾನೋ?"

ಬಾಳೇಶ ಹೂವು ನೋಡಿದ, ಬಾಯಿ ತೆರೆದ ಟ್ರಂಕು ನೋಡಿದ, ಹೆಂಡತಿಯ ಮುಖ ನೋಡಿದ. ಮತ್ತೆ ತಟ್ಟೆಯ ಮುಂದೆ ಕುಳಿತ.

"ದೇವೀನ" ಎಂದ. "ರಾಮದುರ್ಗದ ಮೊದಲನೇ ಬಸ್ಸು ಎಷ್ಟಕ್ಕ ಐತಿ?"