ಆಕಳನ್ನು ಎಮ್ಮೆ ಮಾಡಿದ ಮಧ್ಯಾಹ್ನ

ತುಂಡಾದದ್ದು ಕಣ್ಣಿಗೆ ಬಿದ್ದರೆ ಅಂಟಿಸದೆ ಬಿಡುವ ಸ್ವಭಾವ ನನ್ನದಲ್ಲ. ಕಪ್ಪಿನ ಕಿವಿ, ಛತ್ರಿಯ ಹಿಡಿಕೆ, ನಮ್ಮವರ ಕನ್ನಡಕ, ಎಲ್ಲವೂ ನನ್ನ ಕೈಯಲ್ಲಿ ಮರುಹುಟ್ಟು ಪಡೆದವೇ. ಕಾಗದಕ್ಕಾದರೆ ಅಡುಗೆಮನೆಯ ಕಿಟಕಿಯಲ್ಲಿ ಮೈದಾಹಿಟ್ಟಿನ ಅಂಟು ಸದಾ ಸಿದ್ಧ.

ಮೊನ್ನೆ ಭಾವನ ಮಗಳು ಸುಜಾತಾ ನಮ್ಮ ಕುಲಗೋಡದ ಮನೆಯ ಪಡಸಾಲೆಯ ತುಂಬ ಕಾಗದದ ಚೂರು ಹರವಿಕೊಂಡಿದ್ದಳು. ದನದ ಡಾಕ್ಟರಿಕೆ ಓದುವ ಹುಡುಗಿ. ಗೊರಸಿನ ಪ್ರಾಣಿಗಳ ವರ್ಣತಂತುಗಳ ಫೋಟೋ ಕತ್ತರಿಸಿ, ಜೋಡಿ ಹೊಂದಿಸಿ, ಯಾವುದು ಯಾವುದರಿಂದ ಹೇಗೆ ಬದಲಾಗುತ್ತ ಬಂತೆಂದು ತೋರಿಸಬೇಕಂತೆ. ಮರುದಿನ ಮುಂಜಾನೆ ಗೋಕಾಕದ ಬಸ್ಸು ಹತ್ತಿ ಕಾಲೇಜಿಗೆ ಒಪ್ಪಿಸದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. “ಕಂಪ್ಯೂಟರ್ ಮಾಡ್ತೈತ್ರಿ ಕಾಕು, ಆದ್ರ ನಮ್ಮ ಮೇಡಮ್ಮು ಒಮ್ಮೆ ಕೈಲೇ ಮಾಡ್ರಿ ಅಂತಾರ” ಎಂದು ಸ್ನಾನಕ್ಕೆ ಹೋದಳು.

ನಾನು ಕೂತು ನೋಡಿದೆ. ಎಮ್ಮೆಯ ಹಾಳೆಯಲ್ಲಿ ಕೆಲವು ಉದ್ದನೆಯ, ನಡುವೆ ಸೊಂಟವಿರುವ ತುಣುಕುಗಳು. ಆಕಳಿನವು ಹೆಚ್ಚುಕಡಿಮೆ ಎಲ್ಲ ಗಿಡ್ಡ. ಪಾಪ, ಅವಸರದಲ್ಲಿ ನಡುವೆಯೇ ಕತ್ತರಿ ಆಡಿಸಿದ್ದಾಳೆ ಅಂದುಕೊಂಡೆ. ಎಮ್ಮೆಯದನ್ನು ನೋಡಿಕೊಂಡು, ತುಣುಕುಗಳ ಮೇಲಿನ ಪಟ್ಟೆಗೆ ಪಟ್ಟೆ ಹೊಂದಿಸಿ, ಎರಡೆರಡನ್ನು ಗುರುತು ಸಿಗದಂತೆ ಅಂಟಿಸಿದೆ.

ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು ಬಗ್ಗಿ ತುಣುಕುಗಳನ್ನು ಎಣಿಸಿದಳು. “ಕಾಕು, ಆಕಳಾ ಎಲ್ಲಿ ಹೋತ್ರಿ?”

“ಇಲ್ಲೇ ಐತಲ್ಲವಾ. ನೀ ಮುರದಿದ್ದಿ, ನಾ ಕೂಡ್ಸೇನಿ.”

“ಮುರದಿಲ್ರಿ. ಆಕಳಿಂದು ಹಂಗ ಬಿಡಿಬಿಡಿ ಇರ್ತಾವ. ಎಮ್ಮಿ ವಂಶದಾಗ ಎರಡೆರಡು ಕೂಡಿ ಒಂದಾಗ್ಯಾವ, ಅದನ್ನ ತೋರ್ಸಾಕ ಹೊಂಟಿದ್ನಿ. ಅದಕ್ಕ ಲಕ್ಷಗಟ್ಟಲೆ ವರ್ಷ ಹಿಡದೈತಿ. ನೀವು ನಾ ಜಳಕಾ ಮಾಡಿ ಬರೂದ್ರಾಗ ಮುಗಿಸೀರಿ.”

“ಇನ್ನೊಂದು ಫೋಟೋ ಇಲ್ಲೇನವಾ?”

“ಇಲ್ರಿ” ಎಂದು ಹುಡುಗಿ ಗೋಡೆಯ ಗಡಿಯಾರ ನೋಡಿದಳು.

ಅಂಟು ಬಿಡಿಸಲು ಒಲೆಯ ಮೇಲೆ ನೀರಿಟ್ಟು, ಒಂದೊಂದನ್ನೇ ಆವಿಗೆ ಹಿಡಿದೆವು. ಮೆಲ್ಲಗೆ, ಬಹಳ ಮೆಲ್ಲಗೆ ಅವು ಬಿಟ್ಟುಕೊಳ್ಳತೊಡಗಿದವು. ಕಿಟಕಿಯಾಚೆ ಕೊಟ್ಟಿಗೆಯಲ್ಲಿ ಆಕಳೂ ಎಮ್ಮೆಯೂ ಅಕ್ಕಪಕ್ಕ ಮೆಲುಕು ಹಾಕುತ್ತಿದ್ದವು. ಆವಿಯ ಮಬ್ಬಿನಲ್ಲಿ ಎರಡರ ಮುಖವೂ ಕರಗಿ ಒಂದೇ ಆದಂತೆ ಕಂಡಿತು. ಘಟಪ್ರಭೆಗೆ ಇನ್ನೂ ಹೆಸರಿಲ್ಲದ ಕಾಲದಲ್ಲಿ, ಎಲ್ಲೋ ಒಂದು ನೀರಿನ ದಂಡೆಯಲ್ಲಿ, ಇವರಿಬ್ಬರಿಗೂ ಅಜ್ಜಿಯಾದವಳು ಬಗ್ಗಿ ನೀರು ಕುಡಿದಿರಬೇಕು. ಅವಳ ಮೈಯೊಳಗೆ ಯಾರಿಗೂ ಕೇಳಿಸದಂತೆ ಎಷ್ಟೆಲ್ಲ ನಡೆದಿತ್ತೋ. ಅಲ್ಲಿ ಅವಸರವಿರಲಿಲ್ಲ, ಬಸ್ಸೂ ಇರಲಿಲ್ಲ.

“ಕಾಕು, ಬೆರಳು ಸುಟ್ಟೀತ್ರಿ” ಎಂದಳು ಸುಜಾತಾ. ಕೊನೆಯದು ಬಿಡುವಾಗ ಅಂಚು ಚೂರು ಹರಿಯಿತು. ನನ್ನ ಕೈ ತಾನಾಗಿ ಅಂಟಿನ ಬಟ್ಟಲತ್ತ ಹೋಯಿತು. ಅವಳು ಬಟ್ಟಲನ್ನೇ ಎತ್ತಿ ಬೆನ್ನ ಹಿಂದೆ ಹಿಡಿದು ನಕ್ಕಳು. ನಗು ಕಂಡು ನನಗೆ ಜೀವ ಬಂತು.

ಸಂಜೆ ಹೊಲದಿಂದ ಬಂದ ನಮ್ಮವರು ಕೇಳಿದರು: “ಮಧ್ಯಾಹ್ನದಿಂದ ಏನ್ ಮಾಡಿದಿ?”

“ಆಕಳನ್ನ ಎಮ್ಮಿ ಮಾಡಿದ್ನಿರಿ, ಲಕ್ಷಗಟ್ಟಲೆ ವರ್ಷದ ಕೆಲಸ. ತಿರಗಿ ಆಕಳಾ ಮಾಡಿಟ್ನಿ.”

ಅವರು ಒಲೆಯ ಮೇಲೆ ಇನ್ನೂ ಕುದಿಯುತ್ತಿದ್ದ ಬರೀ ನೀರಿನ ಪಾತ್ರೆಯೊಳಗೆ ಇಣುಕಿದರು. “ಹಂಗಾರ ಇದು ಚಾ ಆಗಾಕ ಎಷ್ಟು ಲಕ್ಷ ವರ್ಷ ಬೇಕು?”