ಕರೆ ಬಂದವರ ತೋಟದಲ್ಲಿ

“ನಾನಿಲ್ಲ ಅಂತ ನೀವು ಆ ಬ್ರದರ್‌ಗಳ ಮಠಕ್ಕೆ ಸೇರ್ಕೋಬ್ಯಾಡಿ” ಅಂದಳು ನನ್ನ ಹೆಂಡತಿ. ಅದೇ ಕೊನೇ ಮಾತು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದವಳು ಏಳಲಿಲ್ಲ.

ಹಾಗಂದದ್ದಕ್ಕೆ ಕಾರಣ ಇತ್ತು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗೋ ರಸ್ತೇಲಿ ಬ್ರದರ್‌ಗಳ ಮಠ. ಅಲ್ಲಿ ನಾನು ತೋಟದಾಳು. ಐವತ್ತು ಅರವತ್ತರ ಕಾಲದ ಮಾತು. ಅವರು ಕ್ರೈಸ್ತ ಸನ್ಯಾಸಿಗಳು. ಮದುವೆ ಇಲ್ಲ. ಸ್ವಂತದ್ದು ಅಂತ ಒಂದು ಚೊಂಬೂ ಇಲ್ಲ. ಪ್ರಾರ್ಥನೆ, ಕೆಲಸ, ಮತ್ತೆ ಪ್ರಾರ್ಥನೆ. ಅಂಥ ಜಾಗದಲ್ಲಿ ನಗೋದಕ್ಕೆ ಏನಿರತ್ತೆ ಅನ್ನಬಹುದು. ನಗೋ ಸಂಗತಿ ವಾರಕ್ಕೊಂದು ಇರ್ತಿತ್ತು. ಸಾಯಂಕಾಲ ಬಂದು ಅವಳಿಗೆ ಹೇಳ್ತಿದ್ದೆ. ಅದರಲ್ಲಿ ಅರ್ಧ ಅವಳೇ ಮಾಡಿದ್ದು.

ಪಾಸಾಗದ ಬ್ರದರ್

ಮಠದಲ್ಲಿ ಹಿರಿಯ ಬ್ರದರ್ ಒಬ್ಬರಿದ್ದರು. ಗಡ್ಡ ಎಲ್ಲ ಬೆಳ್ಳಗೆ. ನನ್ನವಳು ಒಂದು ದಿನ ಅವರಿಗೆ ಅವರೆಕಾಯಿ ತಗೊಂಡು ಬಂದಳು. ಕೊಟ್ಟು ಸುಮ್ಮನೆ ಹೋಗಲಿಲ್ಲ.

“ಸ್ವಾಮಿ, ಇಷ್ಟು ವಯಸ್ಸಾದ್ರೂ ನೀವಿನ್ನೂ ಬ್ರದರ್ರೇನಾ? ಫಾದರ್ ಆಗೋದು ಯಾವಾಗ?”

“ಆಗಲ್ಲಮ್ಮ. ಕೊನೇವರೆಗೂ ಬ್ರದರೇ.”

ಅವಳಿಗೆ ಪಾಪ ಅನ್ನಿಸಿತು. “ಬೇಜಾರ್ ಮಾಡ್ಕೋಬ್ಯಾಡಿ ಸ್ವಾಮಿ. ನಮ್ಮಣ್ಣನೂ ಮೂರು ಸಲ ಫೇಲಾದ. ಇನ್ನೊಂದ್ ಸಲ ಪರೀಕ್ಷೆ ಕಟ್ಟಿ ನೋಡಿ.”

ದೇವರು ಕರೆದದ್ದು

ಮಂಗಳೂರು ಕಡೆಯಿಂದ ಹೊಸಬರೊಬ್ಬರು ಬಂದರು. ಒಳ್ಳೇ ಕಟ್ಟುಮಸ್ತಾದ ಆಳು. ಹಿರಿಯ ಬ್ರದರ್ ನನಗೆ ಹೇಳಿದರು, “ಇವನಿಗೆ ದೇವರ ಕರೆ ಬಂದಿದೆ. ಭಾನುವಾರ ಇವನನ್ನ ದೇವರಿಗೆ ಒಪ್ಪಿಸ್ತೀವಿ.”

ಸನ್ಯಾಸಿ ಆಗೋ ಮನಸ್ಸನ್ನ ಅವರು ಕರೆ ಅಂತಾರೆ. ನನಗೇನು ಗೊತ್ತು. ನಮ್ಮೂರಲ್ಲಿ ದೇವರು ಕರೆದ ಅಂದರೆ ಚಟ್ಟಕ್ಕೆ ಬಿದಿರು ತರೋಕೆ ಹೋಗ್ತೀವಿ. ಮನೇಲಿ ಹೇಳಿದೆ. ಅವಳು ಕಣ್ಣೀರು ಹಾಕಿದಳು. ಮಾರನೇ ದಿನ ಗಂಜಿ ಕಾಯಿಸಿ ತಂದಳು. ಆತ ಪಾತಿ ಅಗೀತಿದ್ದ.

“ಕೂತ್ಕೋ ಮಗಾ, ಆಯಾಸ ಮಾಡ್ಕೋಬ್ಯಾಡ. ನಿಮ್ಮನೇಲಿ ಗೊತ್ತಾ ವಿಷ್ಯ?”

“ಗೊತ್ತಮ್ಮ. ಅಪ್ಪ ಅಮ್ಮಂಗೆ ತುಂಬಾ ಸಂತೋಷ. ಕರೆ ಬಂದ ದಿನ ಊರಿಗೆಲ್ಲ ಸಿಹಿ ಹಂಚಿದರು.”

ಅವಳು ಪಾತ್ರೆ ಅಲ್ಲೇ ಇಟ್ಟು ಎದ್ದಳು. ಗೇಟಿನ ಹತ್ರ ಬಂದು ನನಗಂದಳು, “ಆ ಮನೇಲಿ ಗಂಡುಮಕ್ಕಳು ಜಾಸ್ತಿ ಅಂತ ಕಾಣತ್ತೆ ಕಣ್ರೀ.”

ಎರಡು ಕೊಂಬು

ವರ್ಷಕ್ಕೊಂದು ವಾರ ಅವರಿಗೆ ಮೌನ. ಏನೇ ಆದರೂ ಬಾಯಿ ಬಿಡೋ ಹಾಗಿಲ್ಲ. ಒಂದು ಮಧ್ಯಾಹ್ನ ಅಡುಗೆ ನೋಡ್ಕೊಳ್ಳೋ ಬ್ರದರ್ ನನ್ನ ಹತ್ರ ಓಡಿ ಬಂದರು. ತಲೆ ಮೇಲೆ ಎರಡು ಬೆರಳು ಇಟ್ಟು ಕೊಂಬು ತೋರಿಸಿದರು. ಅವರ ಪ್ರಾರ್ಥನೆ ಮನೇಲಿ ಒಂದು ಪಟ ಇತ್ತು. ಅದರಲ್ಲಿ ಸೈತಾನನಿಗೆ ಅದೇ ತರ ಕೊಂಬು. ನಾನು ಗುದ್ದಲಿ ಬಿಸಾಕಿ ಪ್ರಾರ್ಥನೆ ಮನೆಗೆ ನುಗ್ಗಿದೆ. ಅವರು ಹಿಂದೇನೇ ಬಂದು ಮತ್ತೆ ಕೊಂಬು ತೋರಿಸಿದರು. ನಾನು ಕೈ ಮುಗಿದು ಮೊಣಕಾಲೂರಿದೆ.

ಹೊರಗೆ ಬಂದಾಗ ಮಠದ ಹಸು ಕೋಸಿನ ಮಡಿ ಅಷ್ಟನ್ನೂ ಮುಗಿಸಿ ಮಲಗಿತ್ತು. ಮೌನ ಮುಗಿದ ದಿನ ಆ ಅಡುಗೆ ಬ್ರದರ್ ವಾರದ ಮಾತನ್ನೆಲ್ಲ ನನ್ನೊಬ್ಬನ ಮೇಲೇ ಆಡಿದರು.

ಮೂರು ವ್ರತ

ಅವಳ ಹನ್ನೊಂದನೇ ದಿನದ ಕಾರ್ಯ ಮುಗೀತು. ಮಗಳು ಬಾಗಲಗುಂಟೆಗೆ, ಗಂಡನ ಮನೆಗೆ ವಾಪಸ್ ಹೋದಳು. ನಾನು ಮನೆಗೆ ಬೀಗ ಹಾಕಿ ಮಠದ ಕೊಟ್ಟಿಗೇಲಿ ಉಳಕೊಂಡೆ. ಹೋದವಳ ಮಾತು ಮೀರ್ತಿದ್ದೀನಿ ಅಂತ ಗೊತ್ತಿತ್ತು. ಆದರೆ ಆ ಮನೆ ಬಾಗಿಲು ತೆಗೆಯೋಕೆ ಕೈ ಬರ್ತಿರಲಿಲ್ಲ. ಎಂಟು ದಿನ ನೋಡಿ ಹಿರಿಯ ಬ್ರದರ್ ಹತ್ರ ಹೋದೆ.

“ನನ್ನನ್ನೂ ಸೇರಿಸ್ಕೊಳ್ಳಿ ಸ್ವಾಮಿ.”

ಅವರು ಮುಖ ನೋಡಿದರು. “ಮೂರು ವ್ರತ ಇದೆಯಪ್ಪ. ಮೊದಲನೇದು ಬಡತನ.”

“ಹುಟ್ಟಿದಾಗಿಂದ ಮಾಡ್ತಿದ್ದೀನಿ.”

“ಎರಡನೇದು, ಹೆಣ್ಣಿನ ಆಸೆ ಬಿಡಬೇಕು.”

“ಆಸೆ ಇದ್ದದ್ದು ಒಬ್ಬಳ ಮೇಲೆ. ಅವಳು ಹೋದಳು.”

ಅವರು ಗಡ್ಡ ಸವರಿಕೊಂಡರು. “ಮೂರನೇದು ಕಷ್ಟ. ದೊಡ್ಡವರು ಏನು ಹೇಳಿದರೂ ಎದುರಾಡದೆ ಮಾಡಬೇಕು.”

“ಮಾಡ್ತೀನಿ.”

“ಏನು ಹೇಳಿದರೂ?”

“ಏನ್ ಹೇಳಿದ್ರೂ.”

“ಸರಿ. ಹಾಗಾದ್ರೆ ಮನೆಗೆ ಹೋಗು.”

ನಾನು ಬಾಯಿ ತೆಗೆದೆ. ಅವರು ಬೆರಳೆತ್ತಿದರು. ಮುಚ್ಕೊಂಡೆ.

ಹಾಗೆ ನಾನೂ ಬ್ರದರ್ ಆದೆ. ಅವರ ಕೋಣೆಯಿಂದ ಗೇಟಿನ ತನಕ. ದಾರೀಲಿ ಅದನ್ನ ನೆನೆಸಿಕೊಂಡು ಒಬ್ಬನೇ ನಕ್ಕೆ. ಎದುರು ಬಂದ ಗಾಡಿಯವನು ಎತ್ತುಗಳನ್ನ ಆಚೆ ಕಡೆಗೆ ಎಳ್ಕೊಂಡ.

ಮಾರನೇ ಬೆಳಗ್ಗೆ ಒಲೆ ಹಚ್ಚಿ ನಾನೇ ಮುದ್ದೆ ತಿರುವಿದೆ. ಒಳಗೆಲ್ಲ ಗಂಟು. ಕೂತ್ಕೊಂಡು ಪೂರ್ತಿ ತಿಂದೆ.