ಪಾಯಸದಲ್ಲಿ ಗೇರುಬೀಜ ಕಂಡುಬಂದ ಬಗ್ಗೆ ಮರುಪರಿಶೀಲನೆ ಕೋರಿ

ಇಂದ:
ಭರತರಾಜ,
ಖಾಸಗಿ ಬಸ್ಸಿನ ನಿರ್ವಾಹಕ, ಗುರುವಾಯನಕೆರೆ–ಮೂಡುಬಿದಿರೆ ಮಾರ್ಗ
(ಐದನೇ ತರಗತಿಯ ತನ್ವಿಯ ತಂದೆ)

ಗೆ:
ಶ್ರೀ ದೇವಿಪ್ರಸಾದ್,
ಅಧ್ಯಕ್ಷರು, ಮಧ್ಯಾಹ್ನದ ಊಟ ನೆರವು ಸಮಿತಿ,
ಮಗಳು ಓದುವ ಶಾಲೆ

ವಿಷಯ: ನಾವು ಬಡವರಲ್ಲ ಎಂದು ತಾವು ಬರೆದದ್ದನ್ನು ಹೊಡೆದುಹಾಕಿ, ಮಗಳಿಗೆ ಉಚಿತ ಊಟ ಮುಂದುವರಿಸುವ ಕುರಿತು.

ಉಲ್ಲೇಖ: 1) ತಾವು ನಮ್ಮ ಮನೆಗೆ ಪರಿಶೀಲನೆಗೆ ಬಂದದ್ದು.
2) ಬಂದವರು ಊಟ ಮಾಡಿದ್ದು.
3) ಊಟ ಮಾಡಿ ಹೋಗಿ ಬರೆದ ವರದಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಊರಿನ ಸರಕಾರಿ ಶಾಲೆಗೆ ಮಕ್ಕಳಿಲ್ಲವೆಂದು ಬೀಗ ಬಿದ್ದ ಕಾರಣ, ಅದರ ಬಿಸಿಯೂಟವೂ ಬೀಗದ ಒಳಗೇ ಉಳಿದ ಕಾರಣ, ಮಗಳನ್ನು ತಮ್ಮ ಖಾಸಗಿ ಶಾಲೆಗೆ ಸೇರಿಸಿದೆವು. ತಮ್ಮಲ್ಲಿ ಬಡ ಮಕ್ಕಳಿಗೆ ಊಟ ಉಚಿತ, ಉಳಿದವರು ಹಣ ಕಟ್ಟಿ ಉಣ್ಣಬೇಕು. ಕಳೆದ ವರ್ಷ ತನ್ವಿ ಉಚಿತದ ಸಾಲಿನಲ್ಲಿದ್ದಳು. ತಮ್ಮ ವರದಿಯ ನಂತರ ಯಾವ ಸಾಲಿನಲ್ಲಿಯೂ ಇಲ್ಲ. ಆದ್ದರಿಂದ ವರದಿಯ ಅಂಶಗಳಿಗೆ ಕ್ರಮವಾಗಿ ಉತ್ತರಿಸುತ್ತಿದ್ದೇನೆ.

1. "ಮನೆಯಲ್ಲಿ ಸಾಕಷ್ಟು ಕುರ್ಚಿಗಳೂ ಒಂದು ಸ್ಟ್ಯಾಂಡ್ ಫ್ಯಾನೂ ಇವೆ." ಇದ್ದವು, ನಿಜ. ತಾವು ಬರುವ ದಿನವನ್ನು ಮೊದಲೇ ತಿಳಿಸಿದ್ದೇ ಇದಕ್ಕೆ ಕಾರಣ. ಸುದ್ದಿ ಕೇಳಿದ ಕೂಡಲೇ ನನ್ನ ಹೆಂಡತಿ ಯಶೋಧಾ ಪಕ್ಕದ ಮನೆಯ ಜುಲೈಕಾರಲ್ಲಿಗೆ ಓಡಿದಳು. ಬಡತನ ನೋಡಲು ಬರುವವರಿಗೆ ಚಾಪೆ ಸಾಕಲ್ಲವೇ ಎಂದು ನಾನು ತಡೆದೆ.

"ಎಂತ ಮಾತಾಡ್ತೀರಿ ನೀವು? ಮನೆಗೆ ದೊಡ್ಡವರು ಬರುವಾಗ ನೆಲದಲ್ಲಿ ಕೂರಿಸ್ಲಿಕ್ಕುಂಟಾ?" ಎಂದಳು.

ಜುಲೈಕಾ ಅವಳಿಗಿಂತ ಒಂದು ಕೈ ಮೇಲು. "ಕುರ್ಚಿ ಮಾತ್ರ ಸಾಕಾ ಯಶೋಧಕ್ಕ? ಫ್ಯಾನ್ ಸಹ ಕೊಂಡುಹೋಗಿ. ಅವರಿಗೆ ಸೆಕೆ ಆಗಿ, ಆ ಸಿಟ್ಟಲ್ಲಿ ಏನಾದ್ರೂ ಬರೆದ್ರೆ ಕಷ್ಟ."

ತಮಗೆ ಸೆಕೆಯಾಗಲಿಲ್ಲ, ತಂಪಾಗಿ ಕುಳಿತೇ ಬರೆದುಕೊಂಡಿರಿ. ಆ ಕುರ್ಚಿಗಳು ಆಚೀಚೆ ಮನೆಗಳ ಮದುವೆ, ಮುಂಜಿಗೆಲ್ಲ ಹೋಗಿ ಬರುವಂಥವು. ಕಳೆದುಹೋಗದಿರಲೆಂದು ಪ್ರತಿಯೊಂದರ ಬೆನ್ನಿಗೂ ಜುಲೈಕಾರ ಹೆಸರನ್ನು ಪೈಂಟಿನಲ್ಲಿ ಬರೆದಿದೆ. ತಾವು ಒರಗಿ ಕುಳಿತಿದ್ದರಿಂದ ತಮಗೆ ಕಾಣಲಿಲ್ಲ.

2. "ಪಾಯಸದಲ್ಲಿ ಗೇರುಬೀಜ ಕಂಡುಬಂದಿದೆ." ಕಂಡುಬರಲೆಂದೇ ಹಾಕಿದ್ದು. ಯಶೋಧಾ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಕೆಲಸದವಳು. ಹಬ್ಬಕ್ಕೆ ಅಲ್ಲಿಂದ ಕೊಟ್ಟ ತುಂಡು ಬೀಜವನ್ನು ಮಗಳ ಹುಟ್ಟುಹಬ್ಬಕ್ಕೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ತಾವು ಹುಟ್ಟುಹಬ್ಬಕ್ಕಿಂತ ಮುಂಚೆ ಬಂದಿರಿ.

3. "ಗಂಡ ಹೆಂಡತಿ ಇಬ್ಬರೂ ದುಡಿಯುವವರು." ದುಡಿಯುವವರು ಬಡವರಾಗಿರಲಾರರು ಎಂಬ ನಿಯಮ ನಮಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಒಬ್ಬರಾದರೂ ಮಲಗಿರುತ್ತಿದ್ದೆವು.

4. "ಪ್ರತಿಷ್ಠಿತ ಜೈನ ಗುತ್ತಿನ ಮನೆತನ." ಊಟಕ್ಕೆ ಕುಳಿತಾಗ ತಾವು, "ನೀವು ಆ ಗುತ್ತಿನವರಲ್ವಾ? ಹಾಗಾದ್ರೆ ಜಾಗ ಎಲ್ಲ ಉಂಟಲ್ಲ!" ಎಂದಿರಿ. ನಾನು ನಕ್ಕೆ. ನಗದೆ ಏನು ಮಾಡಲಿ? ಅಜ್ಜನ ಕಾಲದಲ್ಲಿ ಗುತ್ತಿನ ಜಮೀನು ಪಾಲಾದಾಗ ಗದ್ದೆ ಒಂದು ಕವಲಿಗೆ ಹೋಯಿತು, ತೋಟ ಇನ್ನೊಂದು ಕವಲಿಗೆ, ನಮ್ಮ ಪಾಲಿಗೆ ಹೆಸರು ಬಂತು. ಹೆಸರನ್ನು ಬೇಯಿಸಿ ನೋಡಿಲ್ಲ.

5. "ಯಾವುದೇ ತೊಂದರೆ ಇಲ್ಲವೆಂದು ಪೋಷಕರೇ ಒಪ್ಪಿಕೊಂಡಿದ್ದಾರೆ." ಇದೊಂದೇ ನನ್ನ ತಪ್ಪು. ಹಗಲಿಡೀ ಕಾಲಿಡಲು ಜಾಗವಿಲ್ಲದ ಬಸ್ಸಿನ ಬಾಗಿಲಲ್ಲಿ ನೇತಾಡುತ್ತ "ಹತ್ತಿ ಹತ್ತಿ, ಸೀಟುಂಟು" ಎಂದು ಕೂಗುವುದು ನನ್ನ ಉದ್ಯೋಗ. ತಾವು ಕೈತೊಳೆದು ಒರೆಸಿಕೊಳ್ಳುತ್ತ, "ಎಂತಾದ್ರೂ ತೊಂದರೆ ಉಂಟಾ ಭರತರಾಜರೇ?" ಎಂದು ಕೇಳಿದಿರಿ. ಉಂಡು ಎದ್ದವರ ಮುಂದೆ ಯಾರಾದರೂ ಮನೆಯ ಕಷ್ಟವನ್ನು ಹಾಡುತ್ತಾರೆಯೇ? "ಎಂತ ಇಲ್ಲ ಸಾರ್, ನಿಮ್ಮ ಆಶೀರ್ವಾದ" ಎಂದೆ. ಆಶೀರ್ವಾದವನ್ನು ಬಿಟ್ಟು ಉಳಿದದ್ದನ್ನು ತಾವು ಬರೆದುಕೊಂಡಿರಿ.

ಇಲ್ಲಿ ಒಂದು ಸಂಗತಿಯನ್ನು ವಿನಮ್ರವಾಗಿ ನೆನಪಿಸುತ್ತೇನೆ. ಅದೇ ಊಟದಲ್ಲಿ ಯಶೋಧಾ ಪಾಯಸ ತಂದಾಗ ತಾವು ಎಲೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದಿದ್ದಿರಿ. ನಾವು ಅದನ್ನು ದಾಖಲಿಸಿಕೊಳ್ಳಲಿಲ್ಲ. ಇನ್ನೊಂದು ಸೌಟು ಹಾಕಿದೆವು, ತಾವು ಉಂಡಿರಿ. ಈ ಕಡೆಯಲ್ಲಿ ಮೊದಲ ಸಲದ "ಸಾಕು" ಸಾಕಲ್ಲವೆಂದು ಬಡಿಸುವವರಿಗೂ ಗೊತ್ತು, ಉಣ್ಣುವವರಿಗೂ ಗೊತ್ತು. ತಾವೂ ಈ ಊರಿನವರೇ.

6. ಈ ಅಂಶ ತಮ್ಮ ವರದಿಯಲ್ಲಿ ಇಲ್ಲ, ಆದರೂ ಬರೆಯಬೇಕಾಗಿದೆ. ಹಣ ಕಟ್ಟುವುದು ನಮ್ಮಿಂದಾಗದ ಕಾರಣ ಮಗಳಿಗೆ ಬುತ್ತಿ ಕಟ್ಟಿದೆವು. ಬೆಳಗಾಗುವುದರೊಳಗೆ ಇಬ್ಬರೂ ಮನೆ ಬಿಡಬೇಕಾದ್ದರಿಂದ ಬುತ್ತಿಯೆಂದರೆ ಗಂಜಿ. ಅದು ಚೀಲದೊಳಗೆ ಚೆಲ್ಲಿ ಸಮಾಜ ಪುಸ್ತಕ ಒದ್ದೆಯಾಯಿತು, ಹುಡುಗಿಯರು ನಕ್ಕರು. ಮರುದಿನದಿಂದ ಅವಳು ಬುತ್ತಿ ಒಯ್ಯಲಿಲ್ಲ. ಊಟದ ಹೊತ್ತಿಗೆ ಯಾರಾದರೂ ಕೇಳಿದರೆ "ನನಗೆ ಇವತ್ತು ಉಪವಾಸ" ಎನ್ನತೊಡಗಿದಳು.

ನಮ್ಮಲ್ಲಿ ಅಷ್ಟಮಿ, ಚತುರ್ದಶಿಗೆ ಉಪವಾಸ ಮಾಡುವ ಕ್ರಮ ಇರುವುದು ಹೌದು. ಆದರೆ ವಾರದಲ್ಲಿ ಐದು ಚತುರ್ದಶಿ ಬರುವ ಪಂಚಾಂಗ ಇನ್ನೂ ಅಚ್ಚಾಗಿಲ್ಲ. ತರಗತಿಯ ಶುಭಶ್ರೀ ಟೀಚರ್ ಒಳ್ಳೆಯವರು, ಮಗುವಿನ ಶ್ರದ್ಧೆ ಕಂಡು ಬೆರಗಾದರು. ಬೆಳಗಿನ ಪ್ರಾರ್ಥನೆಯಲ್ಲಿ ಅವಳನ್ನು ಮುಂದೆ ನಿಲ್ಲಿಸಿ, ವ್ರತನಿಷ್ಠೆಗಾಗಿ ಪ್ರಶಂಸಾಪತ್ರ ಕೊಡಿಸಿದರು. ಅದಕ್ಕೆ ತಮ್ಮದೇ ಸಹಿ ಇದೆ.

ಅದನ್ನು ಅವಳು ಮನೆಗೆ ತಂದ ಮೇಲೆಯೇ ನಮಗೆ ವಿಷಯ ತಿಳಿದದ್ದು. "ಹಾಗೆ ಯಾಕೆ ಹೇಳಿದ್ದು ಮಗಾ?" ಎಂದೆ. "ಉಪವಾಸ ಅಂದ್ರೆ ಮತ್ತೆ ಯಾರೂ ಎಂತ ಕೇಳುದಿಲ್ಲ ಅಪ್ಪ" ಎಂದಳು. ಯಶೋಧಾ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟನ್ನು ಅರ್ಜಿಯ ನಮೂನೆಗೆ ಹೊಂದಿಸುವುದಕ್ಕೆ ಇಷ್ಟು ದಿನ ಹಿಡಿಯಿತು, ವಿಳಂಬವನ್ನು ಮನ್ನಿಸಬೇಕು.

ಕಾರಣ ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ, ತನ್ವಿಯನ್ನು ಮತ್ತೆ ಉಚಿತ ಊಟದ ಸಾಲಿಗೆ ಸೇರಿಸಬೇಕಾಗಿ ಕೋರುತ್ತೇನೆ. ಮರುಪರಿಶೀಲನೆಗೆ ಬರುವುದಾದರೆ ದಯವಿಟ್ಟು ತಿಳಿಸದೆ ಬನ್ನಿ. ತಿಳಿಸಿದರೆ ಯಶೋಧಾ ಸುಮ್ಮನಿರುವವಳಲ್ಲ. ಈ ಅರ್ಜಿ ಬರೆಯುತ್ತಿರುವಾಗಲೇ, "ಅವರು ಇನ್ನೊಮ್ಮೆ ಬರ್ತಾರಾ? ಕುರ್ಚಿಗೆ ಹೇಳಿ ಇಡುವನಾ?" ಎಂದು ಒಳಗಿನಿಂದ ಕೇಳುತ್ತಿದ್ದಾಳೆ.

ಎಲೆಯಲ್ಲಿ ಕಡಿಮೆ ಮಾಡದ,
ತಮ್ಮ ವಿಶ್ವಾಸಿ,
ಭರತರಾಜ

ಲಗತ್ತುಗಳು:
1) ಆದಾಯ ಪ್ರಮಾಣಪತ್ರ (ತಾವು ಹೋದ ಸಲ ಓದದೆ ಉಳಿಸಿದ್ದು).
2) ಕುರ್ಚಿಯ ಬೆನ್ನಿನ ಫೋಟೋ, ಜುಲೈಕಾರ ಒಪ್ಪಿಗೆಯೊಂದಿಗೆ.
3) ಉಪವಾಸದ ಪ್ರಶಂಸಾಪತ್ರ, ಮೂಲಪ್ರತಿ. ಹಿಂದಿರುಗಿಸುವ ಅಗತ್ಯವಿಲ್ಲ.

ವಿಶೇಷ ಸೂಚನೆ: ತನ್ವಿಗೆ ಕುರ್ಚಿ ಬೇಡ, ತಟ್ಟೆಯನ್ನು ಅವಳೇ ತರುತ್ತಾಳೆ. ಬಡಿಸುವಾಗ ಅವಳು ಮೊದಲ ಸೌಟಿಗೇ "ಸಾಕು" ಎನ್ನುವಳು, ತಾಯಿ ಕಲಿಸಿದ್ದು. ಅದನ್ನು ದಾಖಲೆಗೆ ತೆಗೆದುಕೊಳ್ಳದೆ ಇನ್ನೊಂದು ಸೌಟು ಹಾಕಬೇಕಾಗಿ ವಿನಂತಿ.